ಅಡುಗೆಮನೆ ಶೆಲ್ಫಿನಲ್ಲಿ ಕನ್ನಡಕ್ಕೆಷ್ಟು ಜಾಗ?



ಈ ಸಲ ಗಡಿ, ನದಿ, ಸಿನಿಮಾ, ನಾಮಫಲಕ ಯಾವುದೂ ಬೇಡ. ಅಡುಗೆಮನೆಗೆ ಬನ್ನಿ. ನಮ್ಮ ಮನೆಯಲ್ಲಿ ಮೈಕ್ರೋವೇವ್ ಪಕ್ಕ ಒಂದು ಸಣ್ಣ ಶೆಲ್ಫ್ ಇದೆ, ಅಡುಗೆ ಪುಸ್ತಕಗಳಿಗೆ ಅಂತಲೇ. ಹೋದ ತಿಂಗಳು ಧೂಳು ಒರೆಸುತ್ತಾ ಒಂದೊಂದೇ ಪುಸ್ತಕ ಇಳಿಸಿದೆ. ಎಸ್. ಮೀನಾಕ್ಷಿ ಅಮ್ಮಾಳ್ ಅವರ 'ಕುಕ್ ಅಂಡ್ ಸೀ' ಸಂಪುಟಗಳು. ಮಧುರ್ ಜಾಫ್ರಿ ಅವರದೊಂದು. ಯಾರದೋ ಯಾರ್ಡ್ ಸೇಲ್‌ನಲ್ಲಿ 2 ಡಾಲರಿಗೆ ಸಿಕ್ಕ 'ಜಾಯ್ ಆಫ್ ಕುಕಿಂಗ್', ಇಟ್ಟಿಗೆಯಷ್ಟು ದಪ್ಪ. ಲೈಬ್ರರಿಯವರ ಹಳೇ ಪುಸ್ತಕದ ಮಾರಾಟದಲ್ಲಿ ತಂದ 'ಚಾರ್ಲ್ಸ್‌ಟನ್ ರಿಸೀಟ್ಸ್'. ಇನ್‌ಸ್ಟಂಟ್ ಪಾಟ್ ಜೊತೆ ಬಂದ ಪುಸ್ತಿಕೆ. ಬೆಂಗಳೂರಿಂದ ಸೂಟ್‌ಕೇಸಿನಲ್ಲಿ ತಂದ ಎರಡು ಕನ್ನಡ ಪುಸ್ತಕ. ಕೊನೆಗೆ, ಇವೆಲ್ಲದರ ಹಿಂದೆ, ನನ್ನ ಅತ್ತೆಯವರ 200 ಪುಟದ ನೋಟ್‌ಬುಕ್ಕು.

ಒಂದು ವಿಷಯ ಅವತ್ತು ಕಣ್ಣಿಗೆ ಹೊಡೆಯಿತು. ಯಾವ ಪುಸ್ತಕಕ್ಕೆ ಅರಿಶಿನ, ಎಣ್ಣೆ ಕಲೆ ಹತ್ತಿದೆಯೋ ಅದು ನಿಜವಾಗಿ ಬಳಸುವ ಪುಸ್ತಕ, ಅಲ್ಲವೇ? ನಮ್ಮಲ್ಲಿ ಕಲೆ ಹತ್ತಿರುವುದು ತಮಿಳಿನಿಂದ ಇಂಗ್ಲಿಷಿಗೆ ಬಂದ ಪುಸ್ತಕಕ್ಕೆ. ಎರಡು ಕನ್ನಡ ಪುಸ್ತಕಗಳು ಅಂಗಡಿಯಿಂದ ಬಂದ ಹಾಗೇ ಇವೆ, ಬೆಲೆಯ ಚೀಟಿ ಸಮೇತ!

ಇದು ನಮ್ಮ ಮನೆಯದಷ್ಟೇ ಕಥೆ ಅಂದುಕೊಂಡಿದ್ದೆ. ಆಮೇಲೆ ಶಾರ್ಲೆಟ್ ಕಡೆಯ ಗೆಳೆಯರ ಮನೆಗೆ ಹೋದಾಗಲೆಲ್ಲ ಕಳ್ಳನ ಹಾಗೆ ಅವರ ಶೆಲ್ಫ್ ನೋಡತೊಡಗಿದೆ. ಎಲ್ಲಾ ಕಡೆ ಹೆಚ್ಚುಕಡಿಮೆ ಇದೇ ಚಿತ್ರ. ಸೌತ್ ಇಂಡಿಯನ್ ಅನ್ನುವ ಹೆಸರಿನ ಒಂದೆರಡು ಪುಸ್ತಕ, ಒಂದು ಪಂಜಾಬಿ, ಒಂದು ಬೇಕಿಂಗ್. ಕನ್ನಡ ಇದ್ದರೆ ಅಮ್ಮ ಕೊಟ್ಟದ್ದು, ಅದೂ ಮೇಲಿನ ಅಟ್ಟದಲ್ಲಿ. ಹಾಗಾದರೆ ಹುಳಿ, ಸಾರು, ಗೊಜ್ಜು ಮಾಡುವುದು ಹೇಗೆ? ಫೋನ್ ಮಾಡಿ. ಇಲ್ಲಿ ಶನಿವಾರ ಬೆಳಿಗ್ಗೆ, ಅಲ್ಲಿ ಶನಿವಾರ ಸಂಜೆ. "ಅಮ್ಮಾ, ಬಸ್ಸಾರಿಗೆ ಕಟ್ಟು ಎಷ್ಟು ಇಟ್ಕೋಬೇಕು?" "ನೋಡ್ಕೊಂಡು ಹಾಕೋ ಕಣೋ, ಅದಕ್ಕೇನು ಲೆಕ್ಕ ಇಟ್ಟಿರ್ತಾರಾ!"

ನೋಡ್ಕೊಂಡು ಹಾಕೋದು. ನಮ್ಮ ಇಡೀ ಪಾಕಶಾಸ್ತ್ರ ಈ ಒಂದು ಮಾತಿನ ಮೇಲೆ ನಿಂತಿದೆ. ಇದನ್ನು ನಾವು ದೊಡ್ಡ ಹೆಮ್ಮೆಯಿಂದ ಕಣ್ಣಳತೆ, ಕೈಗುಣ ಅನ್ನುತ್ತೇವೆ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯುವವನು. ನಮ್ಮ ಕಸುಬಿನಲ್ಲಿ ಇಂಥದಕ್ಕೆ ಬೇರೆ ಹೆಸರಿದೆ. ಹದಿನೈದು ವರ್ಷದಿಂದ ನಡೆಯುತ್ತಿರುವ ಸಿಸ್ಟಂ, ಒಂದು ಸಾಲು ಡಾಕ್ಯುಮೆಂಟೇಷನ್ ಇಲ್ಲ, ಎಲ್ಲ ಒಬ್ಬರ ತಲೆಯಲ್ಲಿ. ಅವರು ಕೆಲಸ ಬಿಟ್ಟ ದಿನ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಅದನ್ನು ಯಾರೂ ಕೈಗುಣ ಅನ್ನುವುದಿಲ್ಲ.

ನಮ್ಮ ಮನೆಯಲ್ಲಿ ಆ ದಿನ 2021ರಲ್ಲಿ ಬಂತು. ನನ್ನ ಹೆಂಡತಿಯ ಊರು ಗದಗದ ಹತ್ತಿರ. ಆ ವರ್ಷ ಮೇ ತಿಂಗಳಲ್ಲಿ ಅವಳ ತಾಯಿ ಕೋವಿಡ್‌ನಿಂದ ತೀರಿಕೊಂಡರು. ನಾವು ಹೋಗಲಾಗಲಿಲ್ಲ. ಮುಂದಿನ ವರ್ಷ ಹೋದಾಗ ನನ್ನ ಭಾವಮೈದುನ ಆ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಕ್ಕನ ಕೈಗಿಟ್ಟ. ಬಂಗಾರಕ್ಕಿಂತ ಜೋಪಾನವಾಗಿ ಇಲ್ಲಿಗೆ ತಂದೆವು. ಸಂಕ್ರಾಂತಿಗೆ ಮಾದಲಿ ಮಾಡೋಣ ಅಂತ ತೆಗೆದು ನೋಡಿದರೆ ಆ ಪುಟದಲ್ಲಿ ಇದ್ದದ್ದು ಇಷ್ಟೇ: ಗೋಧಿ ತರಿ ಬೀಸಿದ್ದು, ಸ್ವಲ್ಪ ಕಡ್ಲಿಬ್ಯಾಳಿ, ಬೆಲ್ಲ ಬೇಕಾದಷ್ಟು, ಮುಂದಿಂದು ನಿನಗ ಗೊತ್ತೈತಿ.

ಅವಳಿಗೆ ಗೊತ್ತಿರಲಿಲ್ಲ. "ನಾ ಯಾವತ್ತೂ ಬಾಜೂಕ ನಿಂತು ನೋಡೇ ಇಲ್ರೀ. ಡಬ್ಬಿ ತುಂಬಿಸಿ ಕೊಡತಿದ್ಲು, ತಿಂತಿದ್ದೆ" ಅಂತ ಹೇಳಿ ಸ್ವಲ್ಪ ಹೊತ್ತು ಆ ಪುಟ ನೋಡುತ್ತಾ ಕೂತಳು. ಆ ನೋಟ್‌ಬುಕ್ ಯಾರಿಗಾಗಿ ಬರೆದದ್ದು ಅಂತ ಅವತ್ತು ನನಗೆ ಅರ್ಥವಾಯಿತು. ಅದು ಅಡುಗೆ ಗೊತ್ತಿದ್ದವರಿಗೆ ನೆನಪಿನ ಚೀಟಿ. ಗೊತ್ತಿಲ್ಲದವರಿಗೆ ಅದರಲ್ಲಿ ಏನೂ ಇಲ್ಲ.

ಈಗ ನಾನು ಬೆಂಗಳೂರಿಂದ ತಂದ ಆ ಎರಡು ಅಚ್ಚಾದ ಪುಸ್ತಕಗಳನ್ನೂ ಕೂತು ಓದಿದೆ. ಬರೆದವರ ಹೆಸರು ಬೇಡ, ಅವರು ಒಳ್ಳೆಯ ಅಡುಗೆಯವರೇ ಇರುತ್ತಾರೆ. ಆದರೆ ರೋಗ ಅದೇ. ಹದವಾಗಿ ಹುರಿಯಿರಿ. ಹದ ಎಂದರೆ? ತಕ್ಕಷ್ಟು ನೀರು. ಯಾರಿಗೆ ತಕ್ಕಷ್ಟು? ಮೂರು ವಿಷಲ್ ಕೂಗಿಸಿ. ನಮ್ಮ ಇನ್‌ಸ್ಟಂಟ್ ಪಾಟ್ ಕೂಗುವುದೇ ಇಲ್ಲ ಸ್ವಾಮಿ! ಓದುವವರ ಪಕ್ಕದಲ್ಲಿ ಒಬ್ಬ ಅಮ್ಮನೋ ಅತ್ತೆಯೋ ನಿಂತಿರುತ್ತಾರೆ, ಉಳಿದದ್ದು ಅವರು ಹೇಳಿಕೊಡುತ್ತಾರೆ ಅನ್ನುವ ಭರವಸೆಯ ಮೇಲೆ ಬರೆದಂತಿವೆ. ಫೋರ್ಟ್ ಮಿಲ್‌ನಲ್ಲಿ ಪಕ್ಕದಲ್ಲಿ ನಿಂತಿರುವುದು ಡಿಶ್‌ವಾಶರ್.

ಮೀನಾಕ್ಷಿ ಅಮ್ಮಾಳ್ ಅವರ 'ಸಮೈತ್ತು ಪಾರ್' 1951ರಲ್ಲಿ ತಮಿಳಿನಲ್ಲಿ ಬಂತು. ಆ ಪುಸ್ತಕದ ಗುಣ ಇರುವುದು ಇಲ್ಲಿ: ಏನೂ ಗೊತ್ತಿಲ್ಲದವರು ಓದುತ್ತಿದ್ದಾರೆ ಅಂದುಕೊಂಡು ಆಕೆ ಬರೆದರು. ಎಷ್ಟು, ಯಾವಾಗ, ಯಾವುದಾದ ಮೇಲೆ ಯಾವುದು, ಬಿಡಿಸಿ ಹೇಳಿದರು. ಚಿತ್ರವಿಲ್ಲ, ಬಣ್ಣವಿಲ್ಲ. ಅಷ್ಟರಿಂದಲೇ ಮದುವೆಯಾಗಿ ದೇಶಾಂತರ ಹೋದ ಎರಡು ಮೂರು ತಲೆಮಾರಿನ ತಮಿಳು ಹೆಣ್ಣುಮಕ್ಕಳ ಸಾಮಾನಿನ ಜೊತೆ ಪ್ರಪಂಚ ಸುತ್ತಿತು. ನಮ್ಮ ಅಡುಗೆಮನೆಗೂ ಬಂತು. ನಾವು ಸಾರಿನ ಪುಡಿ ಮಾಡಲು ಹೋಗಿ ರಸಂ ಪುಡಿ ಮಾಡಿಕೊಂಡು ಕೂತಿದ್ದೇವೆ. ತಮಿಳರ ಮೇಲೆ ಕೋಪವೇ? ಖಂಡಿತ ಇಲ್ಲ. ಅವರು ಮಾಡಬೇಕಾದ ಕೆಲಸ ಮಾಡಿಕೊಂಡರು. ಅದರಿಂದ ನಮ್ಮ ಹೊಟ್ಟೆಯೂ ತುಂಬಿತು.

ತೆಲುಗಿನವರದೂ ಒಂದು ಉದಾಹರಣೆ ಇದೆ, ಅದೂ ನಮ್ಮ ಬೆಂಗಳೂರಿನಿಂದಲೇ. ಜಿ. ನಿರ್ಮಲಾ ರೆಡ್ಡಿ 1974ರಲ್ಲಿ 'ವನಿತಾ ವಂಟಕಾಲು' ಅನ್ನುವ ತೆಲುಗು ಅಡುಗೆ ಪುಸ್ತಕ ಬರೆದಿದ್ದರು. ಅವರ ಮೊಮ್ಮಗಳು ಅರ್ಚನಾ ಪಿಡತಲ ಅಜ್ಜಿಯ ಪುಸ್ತಕವನ್ನು ಆಧರಿಸಿ 2016ರಲ್ಲಿ 'ಫೈವ್ ಮಾರ್ಸೆಲ್ಸ್ ಆಫ್ ಲವ್' ತಂದರು. ಅಜ್ಜಿ ಬರೆದಿಟ್ಟಿದ್ದರಿಂದ ಮೊಮ್ಮಗಳು ಮುಂದುವರಿಸಿದಳು. ನಮ್ಮ ಅಜ್ಜಿಯರು ನೋಡ್ಕೊಂಡು ಹಾಕು ಅಂದರು, ನಾವು ನೋಡುತ್ತಲೇ ಇದ್ದೇವೆ.

ಇಲ್ಲಿಗೆ ಬಂದಾಗ ಯಾರಾದರೂ ಒಬ್ಬರು ಎದ್ದು ನಿಂತು ಹೇಳುತ್ತಾರೆ, ನನಗೆ ಗೊತ್ತು. ಕನ್ನಡದಲ್ಲಿ ಪಾಕಶಾಸ್ತ್ರ ಇಲ್ಲವೇ? ಸಾವಿರ ವರ್ಷದ ಹಿಂದೆಯೇ ಇದೆ! ನಿಜ, ಇದೆ. ಹತ್ತನೇ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆ ಇದೆ. ಎರಡನೆಯ ಚಾವುಂಡರಾಯನ 'ಲೋಕೋಪಕಾರ', ಸುಮಾರು 1025ರದು, ಅಡುಗೆಗೆ ಅಂತಲೇ ಒಂದು ಅಧ್ಯಾಯ ಇಟ್ಟುಕೊಂಡಿದೆ. ಹದಿನಾರನೇ ಶತಮಾನದ ಮೊದಲ ಭಾಗದಲ್ಲಿ ಮೂರನೆಯ ಮಂಗರಸ ಅಡುಗೆಯ ಬಗ್ಗೆಯೇ 'ಸೂಪಶಾಸ್ತ್ರ' ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ಜೈನ ಕವಿ, ಹಾಗಾಗಿ ಪೂರ್ತಿ ಸಸ್ಯಾಹಾರ. ಹಿಟ್ಟಿನ ತಿಂಡಿ, ಪಾನಕ, ಪಾಯಸ, ಬದನೆಕಾಯಿಯೊಂದರಲ್ಲೇ ಎಷ್ಟೋ ಬಗೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಕೆ.ಟಿ. ಅಚಯ ಅವರು 1994ರಲ್ಲಿ ಭಾರತದ ಆಹಾರದ ಇತಿಹಾಸ ಬರೆದಾಗ ಇಂಥ ಕನ್ನಡ ಗ್ರಂಥಗಳನ್ನು ಚೆನ್ನಾಗಿ ಬಳಸಿಕೊಂಡರು. 'ಸೂಪಶಾಸ್ತ್ರ' 2012ರಲ್ಲಿ ಇಂಗ್ಲಿಷಿಗೂ ಬಂತು.

ಈ ಪಟ್ಟಿ ಓದಿ ಬೆನ್ನು ತಟ್ಟಿಕೊಳ್ಳುವುದು ನಮ್ಮ ಹಳೇ ಚಾಳಿ. ನಾನೂ ಕೂಟದ ಕ್ವಿಜ್‌ನಲ್ಲಿ ಇವೇ ಪ್ರಶ್ನೆ ಕೇಳಿದ್ದೇನೆ. ಆದರೆ ಮಂಗರಸ ನನ್ನ ಮುದ್ದೆ ಗಂಟಾಗುವುದನ್ನು ತಪ್ಪಿಸುವುದಿಲ್ಲ. ಐದುನೂರು ವರ್ಷದ ಹಿಂದೆ ಅಡುಗೆಯನ್ನು ಬರೆದಿಡುವ ವಿಷಯ ಅಂತ ತಿಳಿದಿದ್ದ ಜನ, ಆಮೇಲೆ ಯಾಕೆ ಅದನ್ನು ಬಾಯಿಮಾತಿಗೆ ಬಿಟ್ಟರು ಅನ್ನುವುದಷ್ಟೇ ನನ್ನ ಪ್ರಶ್ನೆ. ಪತ್ರಿಕೆಗಳು ಕೈಬಿಡಲಿಲ್ಲ, ಅದನ್ನು ಹೇಳಲೇಬೇಕು. 'ಸುಧಾ', 'ತರಂಗ'ದಿಂದ ಕತ್ತರಿಸಿದ ರೆಸಿಪಿ ಚೂರುಗಳು ಅತ್ತೆಯವರ ನೋಟ್‌ಬುಕ್ಕಿನಲ್ಲೂ ಅಂಟಿಸಿವೆ. ಆದರೆ ಗಮನಿಸಿ, ಅವೆಲ್ಲ ಹೊಸ ರುಚಿ. ಬ್ರೆಡ್ ಹಲ್ವ, ಗೋಬಿ ಮಂಚೂರಿ, ಎಗ್‌ಲೆಸ್ ಕೇಕ್. ದಿನಾ ಮಾಡುವ ಬ್ಯಾಳಿ ಸಾರನ್ನು ಯಾರು ಕತ್ತರಿಸಿ ಅಂಟಿಸಿಕೊಳ್ಳುತ್ತಾರೆ? ಹಾಗಾಗಿ ಉಳಿಯಬೇಕಾದದ್ದೇ ಬರಹಕ್ಕೆ ಬರಲಿಲ್ಲ.

ಈಗ ಭಾಷೆಯ ಮಾತು. ಇಂಗ್ಲಿಷಿನಲ್ಲೇ ಬರೆದರಾಯಿತು, ಕನ್ನಡವೇ ಯಾಕೆ ಬೇಕು ಅನ್ನುವವರು ನಮ್ಮಲ್ಲಿ ಬಹಳ ಜನ. ಅವರಿಗೆ ನನ್ನ ಸ್ವಂತ ಅನುಭವ ಹೇಳುತ್ತೇನೆ. 2013ರಲ್ಲಿ ಶಾರ್ಲೆಟ್‌ಗೆ ಹೊಸದಾಗಿ ಬಂದಾಗ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ. ಒಂದು ಇಂಗ್ಲಿಷ್ ಪುಸ್ತಕ ನೋಡಿಕೊಂಡು ಹುಳಿ ಪುಡಿ ಮಾಡಲು ಹೊರಟೆ. ಬೇಳೆಗಳನ್ನು ಫ್ರೈ ಮಾಡಿ ಅಂತಿತ್ತು. ಹಾಸ್ಟೆಲ್ಲಿನಲ್ಲಿ ಉಂಡು ಬೆಳೆದ ಎಂಜಿನಿಯರ್ ನಾನು, ಬಾಣಲೆ ತುಂಬ ಎಣ್ಣೆ ಕಾಯಿಸಿ ಕಡಲೆಬೇಳೆ, ಉದ್ದಿನಬೇಳೆ ಎರಡನ್ನೂ ಅದರಲ್ಲಿ ಕರಿದೆ! ಸ್ಮೋಕ್ ಅಲಾರ್ಮ್ ಹೊಡೆದುಕೊಂಡು ಪಕ್ಕದ ಮನೆಯವರು ಬಾಗಿಲು ಬಡಿದರು. ಮಿಕ್ಸಿಗೆ ಹಾಕಿದರೆ ಪುಡಿಯಲ್ಲ, ಮುದ್ದೆ.

ಕನ್ನಡದಲ್ಲಿ ಈ ಅನಾಹುತ ಆಗುತ್ತಲೇ ಇರಲಿಲ್ಲ. ಹುರಿಯುವುದು ಬೇರೆ, ಬಾಡಿಸುವುದು ಬೇರೆ, ಕರಿಯುವುದು ಬೇರೆ. ಬರೀ ಬಾಣಲೆಯಲ್ಲಿ ಆದರೆ ಹುರಿ, ಸ್ವಲ್ಪ ಎಣ್ಣೆಯಲ್ಲಿ ಸೊಪ್ಪು ಮೆತ್ತಗಾಗುವವರೆಗೆ ಆದರೆ ಬಾಡಿಸು, ಎಣ್ಣೆಯಲ್ಲಿ ಮುಳುಗಿದರೆ ಕರಿ. ನಮ್ಮ ಇಂಡಿಯನ್ ಇಂಗ್ಲಿಷಿನಲ್ಲಿ ಮೂರಕ್ಕೂ ಫ್ರೈ. ಹಾಗೆಯೇ ಗ್ರೈಂಡ್. ದೋಸೆಗೆ ರುಬ್ಬುತ್ತೇವೆ, ಮಸಾಲೆ ಅರೆಯುತ್ತೇವೆ, ರಾಗಿ ಬೀಸುತ್ತೇವೆ, ಮೆಣಸು ಕುಟ್ಟುತ್ತೇವೆ. ಒಂದೊಂದು ಮಾತಿನ ಹಿಂದೆ ಒಂದೊಂದು ಕಲ್ಲು, ಒಂದೊಂದು ಹದ ಇದೆ. ತರಿತರಿ ಅಂದರೆ ಬೆರಳಿಗೆ ಗೊತ್ತಾಗುತ್ತದೆ. ಎಸರು ಅನ್ನುವ ಮಾತಿಗೆ ನಾನು ಇಂಗ್ಲಿಷಿನಲ್ಲಿ ಒಂದು ಇಡೀ ವಾಕ್ಯ ಬರೆಯಬೇಕು. ಬಸ್ಸಾರನ್ನು ಬಸಿದ ನೀರಿನ ವಿಚಾರ ಹೇಳದೆ ವಿವರಿಸಿ ನೋಡೋಣ!

ಇಷ್ಟಕ್ಕೂ ನಮ್ಮ ಹದದ ಮಾತುಗಳು ಅಂದಾಜಿನವು ಅಂತ ತಿಳಿಯಬೇಡಿ. ಪಾಕದ ವಿಷಯವನ್ನೇ ತೆಗೆದುಕೊಳ್ಳಿ. ನೀರಿಗೆ ಒಂದು ಹನಿ ಬಿಟ್ಟರೆ ಮೆತ್ತಗೆ ಉಂಡೆ ಕಟ್ಟಬೇಕು ಅನ್ನುತ್ತಾರೆ ಅಮ್ಮ. ಇಲ್ಲಿಯ ಮಿಠಾಯಿ ಪುಸ್ತಕಗಳಲ್ಲೂ ಸಾಫ್ಟ್ ಬಾಲ್ ಅಂತ ಅದೇ ಪರೀಕ್ಷೆ ಇದೆ, ಪಕ್ಕದಲ್ಲಿ 235ರಿಂದ 240 ಡಿಗ್ರಿ ಫ್ಯಾರನ್‌ಹೀಟ್ ಅಂತ ಬರೆದಿರುತ್ತಾರೆ. 12 ಡಾಲರಿನ ಥರ್ಮಾಮೀಟರ್ ತಂದು ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಪರೀಕ್ಷೆ ಮಾಡಿದೆ. ಅಮ್ಮ "ಹ್ಞೂಂ, ಈಗ ಇಳಿಸು" ಅಂದಾಗ ಮುಳ್ಳು 238ರಲ್ಲಿತ್ತು. ಎರಡೂ ಭಾಷೆಯವರಿಗೆ ಹದ ಗೊತ್ತು. ಅವರು ಪಕ್ಕದಲ್ಲಿ ಸಂಖ್ಯೆ ಬರೆದರು, ನಾವು ಬರೆಯಲಿಲ್ಲ.

ಅಂದ ಹಾಗೆ, ಯಾವ ಕನ್ನಡ ಅನ್ನುವುದೂ ಸಣ್ಣ ತಕರಾರಲ್ಲ. ನಾನು ತಿಪಟೂರಿನವನು. ನಮ್ಮ ಮನೆಯಲ್ಲಿ ಕಡಲೆಕಾಯಿ, ಅವಳಿಗೆ ಶೇಂಗಾ, ಮಂಗಳೂರಿನ ಗೆಳೆಯನಿಗೆ ನೆಲಗಡಲೆ. ನನ್ನ ಹುರಿಗಡಲೆ ಅವಳ ಪುಟಾಣಿ. ಈರುಳ್ಳಿ, ಉಳ್ಳಾಗಡ್ಡಿ, ನೀರುಳ್ಳಿ. ಮದುವೆಯಾದ ಹೊಸದರಲ್ಲಿ ಹವೀಜ ತಗೊಂಡು ಬರ್ರಿ ಅಂದಾಗ ಪೈನ್‌ವಿಲ್ ಕಡೆಯ ಇಂಡಿಯನ್ ಅಂಗಡಿಯಲ್ಲಿ ಅರ್ಧ ಗಂಟೆ ಹುಡುಕಿದ್ದೇನೆ, ಕೊನೆಗೆ ಅದು ಕೊತ್ತಂಬರಿ ಬೀಜ! ಗುರೆಳ್ಳಿನದಂತೂ ದೊಡ್ಡ ಕಥೆ. ನಾವು ಹುಚ್ಚೆಳ್ಳು ಅನ್ನುವುದು. ಇಂಗ್ಲಿಷ್ ಹೆಸರು ಹುಡುಕಿ ಇಲ್ಲಿಯ ದೊಡ್ಡ ಅಂಗಡಿಯಲ್ಲಿ ಕೇಳಿದರೆ ಹಕ್ಕಿ ಕಾಳಿನ ಸಾಲಿಗೆ ಕರೆದುಕೊಂಡು ಹೋದರು. ಇಲ್ಲಿ ಅದು ಗೋಲ್ಡ್‌ಫಿಂಚ್ ಹಕ್ಕಿಗಳ ಊಟ. ಮೊಳಕೆಯೊಡೆಯದ ಹಾಗೆ ಬಿಸಿ ಮಾಡಿಯೇ ದೇಶದೊಳಗೆ ಬಿಡುತ್ತಾರೆ. ಅವಳ ಚಟ್ನಿಪುಡಿ ಅವತ್ತು ಆಗಲಿಲ್ಲ, ಹಕ್ಕಿಗಳಿಗೆ ಹಬ್ಬ ಆಯಿತು. ಕನ್ನಡ ಅಡುಗೆ ಪುಸ್ತಕ ಅಂದರೆ ಈ ಎಲ್ಲ ಹೆಸರೂ ಪಕ್ಕಪಕ್ಕದಲ್ಲಿರಬೇಕು. ಒಂದು ಸೀಮೆಯ ಮಾತನ್ನೇ ಶಿಷ್ಟ ಅಂತ ಹಿಡಿದರೆ ಅರ್ಧ ಕರ್ನಾಟಕದ ಮಗಳು ಅಂಗಡಿಯಲ್ಲಿ ಕಳೆದುಹೋಗುತ್ತಾಳೆ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಬೇಜಾರಾಗಬಹುದು, ಆದರೂ ಹೇಳುತ್ತೇನೆ. ಕರ್ನಾಟಕದ ಅಡುಗೆ ಅಂತ ಪುಸ್ತಕ ಬಂದರೆ ಬಿಸಿಬೇಳೆಬಾತ್, ಮೈಸೂರು ಪಾಕ್, ಉಡುಪಿ ಸಾಂಬಾರ್, ಅಲ್ಲಿಗೆ ಮುಗಿಯಿತು. ಕೋಳಿ ಸಾರು ಎಲ್ಲಿ? ಕೊಡಗಿನ ಹಂದಿ ಕರಿ ಎಲ್ಲಿ? ಕರಾವಳಿಯ ಮೀನು ಎಲ್ಲಿ? ನಮ್ಮೂರಿನ ಮಾರಿಹಬ್ಬದ ಬಾಡೂಟ ಯಾವ ಪುಸ್ತಕದಲ್ಲಿದೆ? ಪಕ್ಕದ ಮರಾಠವಾಡದಲ್ಲಿ ಶಾಹು ಪಾಟೋಳೆ ಅವರು ಮಹಾರ್, ಮಾಂಗ್ ಜನರ ಅಡುಗೆಯನ್ನು 2015ರಲ್ಲಿ ಮರಾಠಿಯಲ್ಲಿ ಬರೆದಿಟ್ಟರು, 2024ರಲ್ಲಿ ಇಂಗ್ಲಿಷಿಗೂ ಬಂತು. ಬೀದರ್, ಕಲಬುರಗಿಯ ಗಡಿಯಾಚೆಯೇ ಆದ ಕೆಲಸ ಅದು. ನಮ್ಮ ಕೂಟಗಳ ಪಾಟ್‌ಲಕ್‌ಗೆ ಸೌಕರ್ಯಕ್ಕಾಗಿ ಸಸ್ಯಾಹಾರ ಇರಲಿ, ತಪ್ಪಿಲ್ಲ. ಪುಸ್ತಕಕ್ಕೆ ಆ ಕಟ್ಟಳೆ ಹಾಕಬಾರದು.

ಈಗ ಶೆಲ್ಫಿನ ಆ ಇನ್ನೊಂದು ಪುಸ್ತಕಕ್ಕೆ ಬರುತ್ತೇನೆ, 'ಚಾರ್ಲ್ಸ್‌ಟನ್ ರಿಸೀಟ್ಸ್'. ನಾವಿರುವ ಇದೇ ಸೌತ್ ಕೆರೊಲಿನಾದ, ಇಲ್ಲಿಂದ ಮೂರ್ನಾಲ್ಕು ಗಂಟೆ ದಾರಿಯ ಚಾರ್ಲ್ಸ್‌ಟನ್‌ನ ಜೂನಿಯರ್ ಲೀಗ್ ಅನ್ನುವ ಹೆಂಗಸರ ಸಂಘ 1950ರಲ್ಲಿ ಹೊರತಂದದ್ದು. ಸುಮಾರು 750 ಅಡುಗೆ. ಇವತ್ತಿಗೂ ಅಚ್ಚಾಗುತ್ತಿದೆ, ಮಾರಿದ ಹಣ ಸಂಘದ ಸಮಾಜಸೇವೆಗೆ ಹೋಗುತ್ತದೆ. ಹೊಳೆಯುವ ಫೋಟೋಗಳಿಲ್ಲ. ಸುರುಳಿ ಬೈಂಡಿಂಗ್, ಒಲೆ ಪಕ್ಕ ಬಿಚ್ಚಿಟ್ಟರೆ ಮಡಚಿಕೊಳ್ಳುವುದಿಲ್ಲ. ಪ್ರತಿ ಅಡುಗೆಯ ಕೆಳಗೆ ಕೊಟ್ಟವರ ಹೆಸರು. ರೆಸಿಪಿಗೆ ರಿಸೀಟ್ ಅನ್ನುವುದು ಹಳೇ ಮಾತು. ದೇಶವೆಲ್ಲ ಬಿಟ್ಟರೂ ಅವರು ನಮ್ಮೂರಲ್ಲಿ ಹೀಗೇ ಅನ್ನುವುದು ಅಂತ ಹಟ ಹಿಡಿದು ಹೆಸರಿನಲ್ಲೇ ಉಳಿಸಿಕೊಂಡರು. ನಮ್ಮ ಕನ್ನಡ ಹೋರಾಟಗಾರರಿಗೆ ಇಷ್ಟವಾಗುವ ಜನ!

ಆ ಪುಸ್ತಕದ ಹುಳುಕೂ ಕಾಣುತ್ತದೆ. ಆ ಮನೆಗಳಲ್ಲಿ ನಿಜವಾಗಿ ಒಲೆ ಮುಂದೆ ನಿಂತವರು ಬಹಳ ಮಟ್ಟಿಗೆ ಕಪ್ಪು ಜನಾಂಗದ ಹೆಂಗಸರು. ಅವರ ಗಲ್ಲ ಭಾಷೆಯ ಮಾತುಗಳನ್ನು ಪುಸ್ತಕದ ಅಲಂಕಾರಕ್ಕೆ ಬಳಸಿಕೊಂಡಿದ್ದಾರೆ, ಅಡುಗೆಗಳ ಕೆಳಗಿನ ಹೆಸರು ಮಾತ್ರ ಯಜಮಾನಿಯರದು. ಅದೂ ಗಂಡನ ಹೆಸರಿನ ಹಿಂದೆ ಮಿಸೆಸ್ ಸೇರಿಸಿ. ಇದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಬೇಕು. ಆಬಿ ಫಿಶರ್ ಅನ್ನುವಾಕೆ ಇದೇ ಸೌತ್ ಕೆರೊಲಿನಾದಲ್ಲಿ ಗುಲಾಮಗಿರಿಯ ಕಾಲದಲ್ಲಿ ಹುಟ್ಟಿ ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೆ ಹೋದವರು. ಓದು ಬರಹ ಬರುತ್ತಿರಲಿಲ್ಲ. ಆಕೆ ಬಾಯಲ್ಲಿ ಹೇಳಿದ್ದನ್ನು ಬೇರೆಯವರು ಬರೆದುಕೊಂಡು 1881ರಲ್ಲಿ ಆಕೆಯ ಹೆಸರಿನಲ್ಲೇ ಪುಸ್ತಕ ಮಾಡಿದರು. ಓದಲು ಬಾರದ ಅಜ್ಜಿಯ ಅಡುಗೆಯೂ ಪುಸ್ತಕವಾಗಬಹುದು, ಬರೆದುಕೊಳ್ಳುವವರು ಬೇಕು ಅಷ್ಟೇ. ನನ್ನ ಅಜ್ಜಿಗೂ ಅಕ್ಷರ ಬರುತ್ತಿರಲಿಲ್ಲ. ಅಕ್ಷರ ಬರುತ್ತಿದ್ದ ನಾನು ಎಂದೂ ಪೆನ್ನು ತೆಗೆಯಲಿಲ್ಲ.

ಯೂಟ್ಯೂಬ್ ಇದೆಯಲ್ಲ, ಪುಸ್ತಕದ ಕಾಲ ಹೋಯಿತು ಅಂತ ನೀವು ಅನ್ನಬಹುದು. ಒಪ್ಪುತ್ತೇನೆ, ಅರ್ಧಕ್ಕೆ. 'ಭಟ್ ಎನ್ ಭಟ್' ಥರದ ವಾಹಿನಿಗಳು ಕನ್ನಡದಲ್ಲೇ ಮಾತಾಡಿ ಅಡುಗೆಯನ್ನು ಎಲ್ಲೆಲ್ಲಿಗೋ ಮುಟ್ಟಿಸಿವೆ, ನಮ್ಮ ಮನೆಯಲ್ಲೂ ನೋಡುತ್ತೇವೆ. ಆದರೆ ಕೈಯೆಲ್ಲ ಹಿಟ್ಟಾಗಿರುವಾಗ ಬೆಲ್ಲ ಎಷ್ಟು ಹಾಕಿದರು ಅಂತ ವಿಡಿಯೋ ಹಿಂದಕ್ಕೆ ಎಳೆದು ನೋಡಿದ್ದೀರಾ? ಪುಸ್ತಕದಲ್ಲಿ ಒಂದು ಕಣ್ಣೋಟ ಸಾಕು. ಅದೂ ಅಲ್ಲದೆ ಪುಸ್ತಕದ ಅಂಚಿನಲ್ಲಿ ಉಪ್ಪು ಜಾಸ್ತಿ, ಮುಂದಿನ ಸಲ ಅರ್ಧ ಅಂತ ಬರೆಯಬಹುದು. ಹಾಗೆ ಬರೆದ ಪುಟವನ್ನೇ ಮಕ್ಕಳು ಆಮೇಲೆ ಹುಡುಕುವುದು.

ಮನೆಯಲ್ಲಿ ಇದರ ಬಗ್ಗೆ ಜಗಳವೇ ಆಯಿತು. "ಮಗಳು ಓದಲಾರದ ಭಾಷಾದಾಗ ಬರದು ಯಾರಿಗೆ ಕೊಡೋರು ನೀವು?" ಅಂತ ಕೇಳಿದಳು ನನ್ನ ಹೆಂಡತಿ. ಅದಕ್ಕೆ ನನ್ನಲ್ಲಿ ಸುಲಭದ ಉತ್ತರ ಇಲ್ಲ. ಮಗಳಿಗೆ ಒಂಬತ್ತು ವರ್ಷ. ಕನ್ನಡ ಚೆನ್ನಾಗಿ ಆಡುತ್ತಾಳೆ. ಮಸಾಲೆ ಡಬ್ಬಗಳಿಗೆ ಕನ್ನಡದಲ್ಲಿ ಚೀಟಿ ಅಂಟಿಸಿದ ಮೇಲೆ ಉಪ್ಪು, ಜೀರಿಗೆ, ಸಾಸಿವೆ ಓದುತ್ತಾಳೆ, ಮೆಂತ್ಯದ ಹತ್ತಿರ ತಡವರಿಸುತ್ತಾಳೆ. ಅಜ್ಜಿಯ ಕೈಬರಹ ಅವಳಿಗೆ ಚೈನೀಸ್. ಕನ್ನಡದಲ್ಲಿ ಮಾತ್ರ ಬರೆದರೆ ಪುಸ್ತಕ ಅಟ್ಟಕ್ಕೆ ಹೋಗುತ್ತದೆ, ನನ್ನ ಹೆಂಡತಿ ಹೇಳುವುದು ಸರಿ. ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ಹುರಿಯುವುದು, ಬಾಡಿಸುವುದು ಎರಡೂ ಹೋಗುತ್ತವೆ, ನಾನು ಹೇಳುವುದೂ ಸರಿ. ಹಾಗಾಗಿ ಎಡ ಪುಟ ಕನ್ನಡ, ಬಲ ಪುಟ ಇಂಗ್ಲಿಷ್ ಅಂತ ರಾಜಿಯಾದೆವು. ಇಂಗ್ಲಿಷ್ ಪುಟದಲ್ಲೂ ಹುರಿ, ಬಾಡಿಸು, ತರಿತರಿ, ಎಸರು ಕನ್ನಡದ ಮಾತಾಗಿಯೇ ಇರಬೇಕು. ಇಟಲಿಯವರ ಅಲ್ ದೆಂತೆ ಪ್ರಪಂಚಕ್ಕೆ ಅರ್ಥವಾಗಿದೆ, ನಮ್ಮ ತರಿತರಿ ಅರ್ಥವಾಗದೆ?

ನನ್ನ ಪ್ರಸ್ತಾಪ ಇದು. ವಾಷಿಂಗ್ಟನ್ ಕಡೆಯ ಕಾವೇರಿ, ಅಟ್ಲಾಂಟಾದ ನೃಪತುಂಗ, ನಮ್ಮ ಕೆರೊಲಿನಾದ ಕೂಟಗಳು, ಎಲ್ಲರೂ ಸೇರಿ ಒಂದು ಪುಸ್ತಕ ಮಾಡೋಣ. ಅಕ್ಕ ಸಮ್ಮೇಳನ 2012ರಲ್ಲಿ ಅಟ್ಲಾಂಟಾದಲ್ಲಿ ಆಯಿತು, 2024ರಲ್ಲಿ ರಿಚ್‌ಮಂಡ್‌ನಲ್ಲಿ ಆಯಿತು. ಅಷ್ಟೆಲ್ಲ ಖರ್ಚು, ಓಡಾಟ ಮಾಡುವ ತಾಕತ್ತು ಇರುವ ಜನಕ್ಕೆ ಸುರುಳಿ ಬೈಂಡಿಂಗಿನ ಒಂದು ಪುಸ್ತಕ ಯಾವ ಲೆಕ್ಕ? ಗ್ಲಾಸಿ ಪೇಪರ್ ಬೇಡ, ಮಂತ್ರಿಗಳ ಶುಭಾಶಯ ಬೇಡ. ಅಡುಗೆ ಕೊಟ್ಟವರ ಸ್ವಂತ ಹೆಸರು ಮತ್ತು ಊರು ಇರಲಿ, ಇಂಥವರ ಶ್ರೀಮತಿ ಅನ್ನುವುದು ಬೇಡ. ಅಳತೆ ಗ್ರಾಂನಲ್ಲಿರಲಿ. ನನ್ನ ಅಮ್ಮನ ಪಾವು, ಅತ್ತೆಯವರ ಸೇರು, ಇಲ್ಲಿಯ ಕಪ್ಪು ಒಂದಕ್ಕೊಂದು ಹೊಂದುವುದಿಲ್ಲ, ತಕ್ಕಡಿ ಎಲ್ಲರಿಗೂ ಒಂದೇ. ಮುಖ್ಯವಾದದ್ದು: ಒಬ್ಬರು ಬರೆದದ್ದನ್ನು ಆ ಸೀಮೆಯವರಲ್ಲದ ಇನ್ನೊಬ್ಬರು, ಫೋನ್ ಮಾಡದೆ, ಬರೆದದ್ದನ್ನು ಮಾತ್ರ ನೋಡಿ ಮಾಡಬೇಕು. ಅವರು ಎಲ್ಲಿ ಸಿಕ್ಕಿಹಾಕಿಕೊಂಡರೋ ಅಲ್ಲಿ ಬರಹ ತಿದ್ದಬೇಕು. ನಾವು ಆಫೀಸಿನಲ್ಲಿ ದಿನಾ ಮಾಡುವ ಕೋಡ್ ರಿವ್ಯೂ ಇದೇ ತಾನೆ. ಬ್ಯಾಂಕಿನ ಕೋಡಿಗೆ ಕೊಡುವ ಮರ್ಯಾದೆ ಅವ್ವನ ಎಣ್ಣೆಗಾಯಿಗೂ ಕೊಡೋಣ.

ಅಪ್ಪ ಅಮ್ಮಂದಿರು ಬೇಸಿಗೆಗೆ ಆರು ತಿಂಗಳ ವೀಸಾದಲ್ಲಿ ಬರುತ್ತಾರಲ್ಲ, ಬೋರು ಬೋರು ಅಂತ ಕಿಟಕಿ ಪಕ್ಕ ಕೂತಿರುತ್ತಾರೆ. ಅವರೇ ನಮ್ಮ ಲೇಖಕರು. ಅವರು ಹಿಡಿ ಹಿಟ್ಟು ಹಾಕುವ ಮುನ್ನ ಬಟ್ಟಲನ್ನು ತಕ್ಕಡಿಯ ಮೇಲಿಡಿ, ಅವರು ಬೈದರೂ ಪರವಾಗಿಲ್ಲ. ನನ್ನ ಅಮ್ಮ ಮೊದಲ ವಾರ ಬೈದರು, ಎರಡನೇ ವಾರ ತಾವೇ "ತಕ್ಕಡಿ ಇಟ್ಟೆಯೇನೋ?" ಅಂತ ಕೇಳತೊಡಗಿದರು.

ಮೊದಲ ಕಂತು ನಮ್ಮ ಮನೆಯಿಂದಲೇ. ಮಾದಲಿಯನ್ನು ಆ ಸಂಕ್ರಾಂತಿಯಿಂದ ಈವರೆಗೆ ಏಳು ಸಲ ಮಾಡಿದ್ದೇವೆ. ಮೊದಲನೆಯದು ಜಲ್ಲಿಕಲ್ಲು, ಮೂರನೆಯದು ಅಂಟು, ಐದನೆಯದನ್ನು ಮಗಳು ಸೀರಿಯಲ್ ಅಂತ ಹಾಲು ಹಾಕಿಕೊಂಡು ತಿಂದಳು (ಅದಕ್ಕೆ ಹಾಲು ತುಪ್ಪ ಹಾಕಿಕೊಂಡೇ ತಿನ್ನುವುದು ಅಂತ ಗೊತ್ತಾದಾಗ ಅವಳಿಗೇ ಆಶ್ಚರ್ಯ). ಈಗ ನಿಂತಿರುವ ಅಳತೆ: ಗೋಧಿ 400 ಗ್ರಾಂ, ಕಡಲೆಬೇಳೆ 60, ಅಕ್ಕಿ 40, ಮೂರನ್ನೂ ಹುರಿದು ತರಿಯಾಗಿ ಬೀಸಿದ್ದು. ಗಟ್ಟಿಯಾಗಿ ನಾದಿ, ದಪ್ಪ ರೊಟ್ಟಿ ತಟ್ಟಿ ಬೇಯಿಸಿ, ಮುರಿದು ಪುಡಿ ಮಾಡಿ, 300 ಗ್ರಾಂ ಬೆಲ್ಲ, ಏಲಕ್ಕಿ, ಒಣಕೊಬ್ಬರಿ, ಪುಟಾಣಿ. ಹುರಿಯಬೇಕೋ ಹಸಿಯಾಗಿಯೇ ಬೀಸಬೇಕೋ ಅನ್ನುವುದು ನಮ್ಮ ಊಹೆ. ರುಚಿ ಹತ್ತಿರ ಬಂದಿದೆ ಅನ್ನುತ್ತಾಳೆ ನನ್ನ ಹೆಂಡತಿ. ಅವ್ವನದು ಬಾಯಲ್ಲಿ ಕರಗುತ್ತಿತ್ತಂತೆ, ನಮ್ಮದು ಇನ್ನೂ ಸ್ವಲ್ಪ ಜಗಿಯಬೇಕು.

ಗದಗ, ಧಾರವಾಡ, ಹಾವೇರಿ, ಬಾಗಲಕೋಟೆ ಕಡೆಯ ಹಿರಿಯರು ನಿಮ್ಮ ಮನೆಯಲ್ಲಿ ಈಗ ಇದ್ದರೆ ದಯವಿಟ್ಟು ಕೇಳಿ ಉತ್ತರ ಬರೆಯಿರಿ: ರೊಟ್ಟಿ ಬಿಸಿಯಿರುವಾಗಲೇ ಮುರಿದು ಬೆಲ್ಲ ಸೇರಿಸಬೇಕೋ, ಪೂರ್ತಿ ಆರಿದ ಮೇಲೋ?